ಮೈಎಸ್‌ಕ್ಯೂಎಲ್‌ನಲ್ಲಿ ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆ: ಸರಿಹೋಗಿದ್ದು ಹೀಗೆ

ಫಾರ್ಮ್‌ನಲ್ಲಿ ಕನ್ನಡ ಟೈಪಿಸಿ ಸೇವ್ ಮಾಡಿದರೆ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಟೇಬಲ್‌ನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಇಂಗ್ಲಿಷ್‌ಗೆ ಏನೂ ತೊಂದರೆ ಇಲ್ಲ. ಎರರ್ ಕೂಡ ಬರುತ್ತಿರಲಿಲ್ಲ.

ಫಾಂಟ್ ಬದಲಿಸಿದೆ, ಪೇಜ್‌ಗೆ ಮೆಟಾ ಚಾರ್‌ಸೆಟ್ (ಅಕ್ಷರಗಳ ಕೋಡ್ ಯಾವುದೆಂದು ಹೇಳುವ ಸಾಲು) ಹಾಕಿದೆ, ಸರ್ವರ್ ರೀಸ್ಟಾರ್ಟ್ ಮಾಡಿದೆ. ಪ್ರಯೋಜನ ಆಗಲಿಲ್ಲ. 'ಆಲ್ಟರ್ ಡೇಟಾಬೇಸ್' ಕಮಾಂಡ್ ಕೂಡ ಕೈ ಕೊಟ್ಟಿತು. ಅದು ಮುಂದೆ ಮಾಡುವ ಟೇಬಲ್‌ಗಳಿಗಷ್ಟೇ, ಹಳೇ ಕಾಲಂಗಳನ್ನು ಮುಟ್ಟುವುದಿಲ್ಲ.

ದಾರಿ ತೋರಿಸಿದ್ದು ಹೆಕ್ಸ್ ಫಂಕ್ಷನ್, ಒಳಗೆ ನಿಜಕ್ಕೂ ಯಾವ ಬೈಟ್‌ಗಳು ಕೂತಿವೆ ಎಂದು ತೋರಿಸುವಂಥದ್ದು. ಕಾಲಂ ಮೇಲೆ ಅದನ್ನು ಓಡಿಸಿ ನೋಡಿ. 'ಕ' ಸರಿಯಾಗಿ ಕೂತಿದ್ದರೆ ಇ0ಬಿ295 ಎಂದು ಬರುತ್ತದೆ. ಆಗ ತೊಂದರೆ ಇರುವುದು ತೋರಿಸುವಾಗ, ಡೇಟಾ ಸೇಫ್. ನನಗೆ ಬಂದದ್ದು 3ಎಫ್, 3ಎಫ್, 3ಎಫ್: ಪ್ರಶ್ನಾರ್ಥಕ ಚಿಹ್ನೆಯದೇ ಕೋಡ್. ಅಂದರೆ ಸೇವ್ ಆಗುವಾಗಲೇ ಅಕ್ಷರ ಹೋಗಿದೆ. ಕಾಲಂನ ಚಾರ್‌ಸೆಟ್ ಲ್ಯಾಟಿನ್1 ಆಗಿತ್ತು, ಅದರಲ್ಲಿ ಕನ್ನಡ ಅಕ್ಷರಗಳಿಗೆ ಜಾಗವೇ ಇಲ್ಲ.

ಮೊದಲು ಮೈಎಸ್‌ಕ್ಯೂಎಲ್‌ಡಂಪ್‌ನಿಂದ ಬ್ಯಾಕಪ್ ತೆಗೆದುಕೊಳ್ಳಿ, ಇದನ್ನು ಬಿಡಲೇಬೇಡಿ. ಆಮೇಲೆ 'ಆಲ್ಟರ್ ಟೇಬಲ್', ಟೇಬಲ್ ಹೆಸರು, 'ಕನ್ವರ್ಟ್ ಟು ಕ್ಯಾರೆಕ್ಟರ್ ಸೆಟ್ ಯುಟಿಎಫ್8ಎಂಬಿ4'. ಯುಟಿಎಫ್8ಎಂಬಿ4 ಅಂದರೆ ಕನ್ನಡ, ಇಮೋಜಿ ಎಲ್ಲ ಹಿಡಿಸುವ ಚಾರ್‌ಸೆಟ್. 'ಕನ್ವರ್ಟ್ ಟು' ಇರಲೇಬೇಕು. ಸುಮ್ನೆ 'ಡಿಫಾಲ್ಟ್ ಕ್ಯಾರೆಕ್ಟರ್ ಸೆಟ್' ಎಂದರೆ ಈಗಿರುವ ಕಾಲಂ ಬದಲಾಗುವುದಿಲ್ಲ. ಬರೀ ಯುಟಿಎಫ್8 ಹಾಕಬೇಡಿ: ಮೈಎಸ್‌ಕ್ಯೂಎಲ್‌ನಲ್ಲಿ ಅದು 3 ಬೈಟ್‌ಗೇ ನಿಲ್ಲುತ್ತದೆ, ಕನ್ನಡ ಹಿಡಿಸಿದರೂ ಇಮೋಜಿ ಹಿಡಿಸುವುದಿಲ್ಲ. ಪಿಎಚ್‌ಪಿಯನ್ನು ಡೇಟಾಬೇಸ್‌ಗೆ ಜೋಡಿಸುವ ಪಿಡಿಒ ಕನೆಕ್ಷನ್ ಸಾಲಿನಲ್ಲೂ ಚಾರ್‌ಸೆಟ್ ಯುಟಿಎಫ್8ಎಂಬಿ4 ಎಂದೇ ಬರೆಯಿರಿ.

ಕೊನೆಗೆ ಎಸ್‌ಕ್ಯೂಎಲ್ ಮೋಡ್‌ಗೆ 'ಸ್ಟ್ರಿಕ್ಟ್ ಟ್ರಾನ್ಸ್ ಟೇಬಲ್ಸ್' ಸೇರಿಸಿದೆ. ಅದಿದ್ದರೆ ಹಿಡಿಸದ ಅಕ್ಷರಕ್ಕೆ 1366 ಎರರ್ ಬರುತ್ತದೆ, ಸದ್ದಿಲ್ಲದೆ ಡೇಟಾ ಕಳೆಯುವುದಕ್ಕಿಂತ ಅದೇ ವಾಸಿ ಅಲ್ವಾ?

3ಎಫ್ ಆದ ಹಳೇ ಸಾಲುಗಳು ವಾಪಸ್ ಬರುವುದಿಲ್ಲ, ಮತ್ತೆ ಟೈಪ್ ಮಾಡಬೇಕು. ಪ್ರಶ್ನಾರ್ಥಕ ಚಿಹ್ನೆಯ ಬದಲು ವಿಚಿತ್ರ ಲ್ಯಾಟಿನ್ ಅಕ್ಷರಗಳು ಕಂಡರೆ ಅದು ಬೇರೆಯೇ ರೋಗ, ಅಲ್ಲಿ ಈ ಕನ್ವರ್ಟ್ ನೇರವಾಗಿ ಓಡಿಸಬೇಡಿ.