ತಲೆಗೆ ಪೆಟ್ಟು ಬಿದ್ದವರ ಕೇಸುಗಳಲ್ಲಿ ನಾನು ಮೊದಲು ಕೇಳುವ ಪ್ರಶ್ನೆ

ಅಪಘಾತದ ಪರಿಹಾರಕ್ಕೆ ಕೇಸು ಹಾಕಿರುವವರು ಡಾಕ್ಟರ ವರದಿಗಾಗಿ ನನ್ನ ಬಳಿ ಬಂದರೆ ನಾನು ಮೊದಲು ಸ್ಕ್ಯಾನ್ ನೋಡುವುದಿಲ್ಲ. ಒಂದು ಪ್ರಶ್ನೆ ಕೇಳುತ್ತೇನೆ. 'ಪೆಟ್ಟು ಬೀಳುವ ಮೊದಲು ನಿಮಗೇ ನೆನಪಿರುವ ಕೊನೆಯ ವಿಷಯ ಯಾವುದು? ಆಮೇಲೆ ಯಾವಾಗಿನಿಂದ ಎಲ್ಲ ಸಾಲಾಗಿ ನೆನಪಿದೆ?'

ಇಲ್ಲಿ 'ನಿಮಗೇ' ಅನ್ನುವ ಮಾತು ಮುಖ್ಯ. ಮನೆಯವರು ಹೇಳಿದ್ದು, ಫೋಟೊದಲ್ಲಿ ಕಂಡದ್ದು, ವಕೀಲರ ಕಾಗದದಲ್ಲಿ ಓದಿದ್ದು, ಎಲ್ಲವೂ ಕೆಲವೇ ವಾರಗಳಲ್ಲಿ ಸ್ವಂತ ನೆನಪಿನ ಜೊತೆ ಬೆರೆತುಹೋಗುತ್ತದೆ. ಆಂಬುಲೆನ್ಸಿನ ದೀಪ ನೆನಪಿದೆ, ಯಾರೋ ಕೈ ಹಿಡಿದದ್ದು ನೆನಪಿದೆ, ನಡುವೆ ಖಾಲಿ. ಅಂಥ ಬಿಡಿ ತುಣುಕುಗಳನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನೆನಪು ಕಡಿಯದೆ ಓಡತೊಡಗಿದ ಹೊತ್ತು ಬೇಕು. ಪೆಟ್ಟು ಬಿದ್ದಾಗಿನಿಂದ ಆ ಹೊತ್ತಿನವರೆಗಿನ ಖಾಲಿ 24 ಗಂಟೆಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಪೆಟ್ಟು ಸೌಮ್ಯ, ಒಂದು ವಾರದವರೆಗೆ ಇದ್ದರೆ ಮಧ್ಯಮ, ಅದಕ್ಕೂ ಜಾಸ್ತಿ ಇದ್ದರೆ ತೀವ್ರ. ಆಸ್ಪತ್ರೆಯಲ್ಲಿ ಕೊಟ್ಟ ಮಂಪರಿನ ಔಷಧವೂ ನೆನಪು ಅಳಿಸಬಲ್ಲದು. ಹಾಗಾಗಿ ಔಷಧದ ಚಾರ್ಟನ್ನು ಪಕ್ಕದಲ್ಲಿಟ್ಟುಕೊಂಡೇ ಲೆಕ್ಕ ಹಾಕುತ್ತೇನೆ.

ಇದನ್ನು ರೂಢಿಸಿಕೊಳ್ಳುವ ಮೊದಲು ನಾನು ಒಂದು ತಪ್ಪು ಮಾಡಿದ್ದೆ. ಕಾರಿಗೆ ಪಕ್ಕದಿಂದ ಗುದ್ದು ಬಿದ್ದು ಬಂದವರೊಬ್ಬರು. ಆಸ್ಪತ್ರೆಯ ದಾಖಲೆಯಲ್ಲಿ ಪ್ರಜ್ಞೆ ಅಳೆಯುವ ಗ್ಲ್ಯಾಸ್ಗೋ ಕೋಮಾ ಸ್ಕೇಲ್ 15, ಅಂದರೆ ಪೂರ್ತಿ ಅಂಕ. ಸಿಟಿ ಸ್ಕ್ಯಾನ್ ನಾರ್ಮಲ್. 'ಮೆದುಳಿಗೆ ಪೆಟ್ಟಾಗಿಲ್ಲ' ಎಂದು ವರದಿ ಬರೆದು ಕಳಿಸಿದೆ. ಕೆಲವು ತಿಂಗಳ ನಂತರ ಅವರ ಹೆಂಡತಿ ಬಂದರು. 'ಡಾಕ್ಟ್ರೇ, ಒಲೆ ಮೇಲಿಟ್ಟಿದ್ದು ಸೀದು ಕರಕಲಾದರೂ ಇವರು ಪಕ್ಕದಲ್ಲೇ ಕೂತಿರುತ್ತಾರೆ. ಕೇಳಿದರೆ ರೇಗುತ್ತಾರೆ. ಮೊದಲು ಹೀಗಿರಲಿಲ್ಲ' ಅಂದರು.

ಅವತ್ತೇ ಆ ರೋಗಿಯ ಕಣ್ಣು ಮುಚ್ಚಿಸಿ, ಒಂದೊಂದೇ ಮೂಗಿನ ಹೊಳ್ಳೆಗೆ ಕಾಫಿ ಪುಡಿ, ಸಾಬೂನು ಹಿಡಿದೆ. ಏನೂ ಗೊತ್ತಾಗಲಿಲ್ಲ. ವಾಸನೆಯ ನರದ ಎಳೆಗಳು ಮೂಗಿನ ಮೇಲಿರುವ, ಜರಡಿಯಂತೆ ತೂತಿರುವ ಮೂಳೆಯ ಮೂಲಕ ಹಾದುಹೋಗುತ್ತವೆ. ಮೆದುಳು ಜೋರಾಗಿ ಅಲುಗಿದಾಗ ಅಲ್ಲೇ ತುಂಡಾಗಬಹುದು. ಅದರ ಮೇಲೇ ಕೂತಿರುವ ಮೆದುಳಿನ ಮುಂಭಾಗವೂ ಒರಟು ಮೂಳೆಗೆ ಉಜ್ಜಬಹುದು. ಸಿಟ್ಟಿಗೆ ಕಡಿವಾಣ, ಕೆಲಸದ ಯೋಜನೆ ಎಲ್ಲ ಆ ಭಾಗದ ಹೊಣೆ. ಹಳೆಯ ರಕ್ತದ ಕಬ್ಬಿಣದ ಗುರುತು ಹಿಡಿಯುವ ಬಗೆಯ ಎಂಆರ್‌ಐ ಮಾಡಿಸಿದಾಗ ಅಲ್ಲಿ ಸಣ್ಣ ಕಪ್ಪು ಚುಕ್ಕೆಗಳು ಕಂಡವು.

ಆಮೇಲೆ ಆಂಬುಲೆನ್ಸಿನವರು ಬರೆದ ಚೀಟಿ ತರಿಸಿದೆ. ಅದರಲ್ಲಿ ಅದೇ ಸ್ಕೇಲಿನ ಅಂಕ 14. ಪಕ್ಕದಲ್ಲಿ ಕೈಬರಹ: 'ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಾರೆ.' ಅಂದರೆ ಆ ಹೊತ್ತಿನಲ್ಲಿ ನೆನಪು ಓಡುತ್ತಿರಲಿಲ್ಲ. ಇಡೀ ಕೇಸಿನಲ್ಲಿ ಅದಕ್ಕಿಂತ ಬೆಲೆಬಾಳುವ ಸಾಲು ಇರಲಿಲ್ಲ. ಮೊದಲ ವರದಿಯ ಹೊತ್ತಿಗೆ ನಾನು ಆ ಚೀಟಿಯನ್ನು ತರಿಸಿಯೇ ಇರಲಿಲ್ಲ. ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು 1974ರಲ್ಲಿ ಈ ಸ್ಕೇಲ್ ರೂಪಿಸಿದ್ದು ಪ್ರಜ್ಞೆ ಎಷ್ಟು ಮಂಕಾಗಿದೆ ಎಂದು ಅಳೆಯಲು. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. 15 ಬಂತು ಅಂದರೆ ಎಚ್ಚರವಾಗಿದ್ದಾರೆ, ತಾವು ಯಾರು, ಎಲ್ಲಿದ್ದೇವೆ ಎಂದು ಸರಿಯಾಗಿ ಹೇಳುತ್ತಾರೆ, ಹೇಳಿದಂತೆ ಮಾಡುತ್ತಾರೆ ಅಂತಷ್ಟೇ. ಗಮನ, ನೆನಪು, ತಾಳ್ಮೆ ಯಾವುದೂ ಅದರೊಳಗಿಲ್ಲ.

ಈಗ ನಾನು ಮನೆಯವರನ್ನು ಬೇರೆ ಕೂರಿಸಿ ಮಾತಾಡಿಸುತ್ತೇನೆ. ರೋಗಿಗೆ ತನ್ನ ಬದಲಾವಣೆ ಗೊತ್ತಾಗದೆ ಇರುವುದೂ ಈ ಪೆಟ್ಟಿನ ಒಂದು ಲಕ್ಷಣವೇ. ಪೆಟ್ಟಿಗೆ ಮೊದಲಿನ ಕೆಲಸದ ದಾಖಲೆ, ಓದಿನ ಅಂಕಗಳು, ಹಳೆಯ ಚಿಕಿತ್ಸೆಯ ಕಾಗದ ತರಿಸುತ್ತೇನೆ. ಮೊದಲು ಹೇಗಿದ್ದರು ಅಂತ ತಿಳಿಯದೆ ಈಗ ಎಷ್ಟು ಕಳೆದುಕೊಂಡಿದ್ದಾರೆ ಅಂತ ಹೇಗೆ ಹೇಳುವುದು, ಅಲ್ವಾ?

ನಂತರ ಮನಶ್ಶಾಸ್ತ್ರಜ್ಞರು ಹಲವು ಗಂಟೆ ಗಮನ, ನೆನಪು, ಯೋಚನೆಯ ವೇಗ ಪರೀಕ್ಷಿಸುತ್ತಾರೆ. ರೋಗಿ ಪೂರ್ತಿ ಪ್ರಯತ್ನ ಹಾಕುತ್ತಿದ್ದಾರಾ ಎಂದು ನೋಡುವ ಪರೀಕ್ಷೆಯೂ ಅದರಲ್ಲಿ ಇರುತ್ತದೆ. ಕೆಲವರಿಗೆ ಇದು ಗೊತ್ತಾದಾಗ ಅವಮಾನವಾಗುತ್ತದೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಇದು ನಿಮ್ಮನ್ನೇ ಕಾಪಾಡುವ ಪರೀಕ್ಷೆ. ಅದರಲ್ಲಿ ಕಡಿಮೆ ಅಂಕ ಬಂದರೆ ಸುಳ್ಳು ಹೇಳುತ್ತಿದ್ದಾರೆ ಅಂತ ನೇರವಾಗಿ ತೀರ್ಮಾನಿಸುವುದೂ ತಪ್ಪು. ನೋವು, ನಿದ್ದೆಗೆಟ್ಟ ರಾತ್ರಿಗಳು, ಖಿನ್ನತೆ ಕೂಡ ಅಂಕ ಇಳಿಸಬಹುದು. ಕುತ್ತಿಗೆಯ ಪೆಟ್ಟಿನಿಂದ, ಆತಂಕದಿಂದಲೂ ಇವೇ ದೂರುಗಳು ಬರುತ್ತವೆ. ಹಾಗೆ ಕಂಡರೆ ಹಾಗೆಂದೇ ಬರೆಯುತ್ತೇನೆ, ನನ್ನನ್ನು ಕರೆದದ್ದು ಯಾವ ಕಡೆಯವರಾದರೂ ಸರಿ.

'ಹುಷಾರಾದರೆ ಕೇಸು ಬಿದ್ದುಹೋಗುತ್ತಾ?' ಎಂದು ತುಂಬಾ ಜನ ಮೆಲ್ಲಗೆ ಕೇಳುತ್ತಾರೆ. ಈ ಭಯ ನನಗೆ ಬಹಳ ನೋವು ಕೊಡುತ್ತದೆ. ಚಿಕಿತ್ಸೆ ಕಾಯಬಾರದು. ಮೊದಲ ಒಂದೆರಡು ದಿನ ವಿಶ್ರಾಂತಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ನಡಿಗೆ, ಓದು, ಕೆಲಸ. ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಸುಮ್ನೆ ಮಲಗಿದರೆ ಚೇತರಿಕೆ ಇನ್ನಷ್ಟು ತಡ. ತಲೆನೋವಿಗೆ ನುಂಗುವ ಮಾತ್ರೆ ತಿಂಗಳಲ್ಲಿ 10-15 ದಿನ ದಾಟಿದರೆ ಆ ಮಾತ್ರೆಯೇ ತಲೆನೋವು ತರಬಹುದು. ಹಾಸಿಗೆಯಲ್ಲಿ ಹೊರಳಿದಾಗ ತಲೆ ಸುತ್ತುವುದು ಎಷ್ಟೋ ಸಲ ಒಳಕಿವಿಯ ಹರಳು ಜಾರಿದ್ದರಿಂದ. ತಲೆಯನ್ನು ಕ್ರಮವಾಗಿ ತಿರುಗಿಸಿ ಕೆಲವೇ ನಿಮಿಷದಲ್ಲಿ ಸರಿಮಾಡಬಹುದು. ತಿಂಗಳುಗಟ್ಟಲೆ ಒದ್ದಾಡಿದವರು ಎದ್ದು ನೆಟ್ಟಗೆ ನಿಂತಾಗ ಅವರ ಮುಖ ನೋಡಬೇಕು. ನಿದ್ದೆ, ಮನಸ್ಸಿನ ಬೇಸರ ಎರಡನ್ನೂ ಜೊತೆಯಲ್ಲೇ ನೋಡಿಕೊಳ್ಳುತ್ತೇನೆ. ಮಂಪರಿನ ಮಾತ್ರೆ ಆದಷ್ಟು ಕೊಡುವುದಿಲ್ಲ. ವಯಸ್ಸಾದವರು, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆಯಲ್ಲಿರುವವರು, ವಾರಗಳ ನಂತರ ಮಂಕಾದರೆ ಮತ್ತೆ ಸ್ಕ್ಯಾನ್ ಮಾಡಿಸಲೇಬೇಕು. ತಲೆಯೊಳಗೆ ನಿಧಾನವಾಗಿ ರಕ್ತ ತುಂಬಿಕೊಂಡಿರಬಹುದು.

'ಶಾಶ್ವತ' ಎಂಬ ಪದವನ್ನು ವರ್ಷ ತುಂಬುವ ಮೊದಲು ಬರೆಯುವುದಿಲ್ಲ. ಸೌಮ್ಯ ಪೆಟ್ಟಿನವರಲ್ಲಿ ಬಹುಪಾಲು ಜನ ಮೂರು ತಿಂಗಳೊಳಗೆ ಸುಧಾರಿಸುತ್ತಾರೆ. ಅದನ್ನು ಅವರಿಗೆ ಮೊದಲ ದಿನವೇ ಹೇಳುತ್ತೇನೆ.

ಆ ಕಾರಿನ ಕೇಸಿನಲ್ಲಿ ನಾನು ಎರಡನೇ ವರದಿ ಬರೆದೆ. ಮೊದಲನೆಯದು ಎಲ್ಲಿ ತಪ್ಪಿತು ಎಂದೂ ಅದರಲ್ಲೇ ಬರೆದೆ. ಪಾಟೀ ಸವಾಲಿನಲ್ಲಿ ಎದುರು ಕಡೆಯ ವಕೀಲರು 'ಯಾವ ವರದಿಯನ್ನು ನಂಬಬೇಕು?' ಎಂದು ಕೇಳಿದರು. 'ಎರಡನೆಯದನ್ನು. ಮೊದಲ ಸಲ ನಾನು ಅವರ ಹೆಂಡತಿಯನ್ನು ಮಾತಾಡಿಸಿರಲಿಲ್ಲ, ಆಂಬುಲೆನ್ಸ್ ಚೀಟಿ ನೋಡಿರಲಿಲ್ಲ' ಎಂದೆ. ಆ ರೋಗಿಗೆ ಇವತ್ತಿಗೂ ವಾಸನೆ ತಿಳಿಯುವುದಿಲ್ಲ. ಅಡುಗೆಮನೆಯಲ್ಲಿ ಗ್ಯಾಸ್ ಸೋರಿದರೆ ಕೂಗುವ ಅಲಾರ್ಮ್ ಹಾಕಿಸಿಕೊಂಡಿದ್ದಾರೆ. ವರ್ಷಕ್ಕೊಮ್ಮೆ ಬಂದಾಗ ಅದೇ ಕಾಫಿ ಪುಡಿಯ ಡಬ್ಬಿಯನ್ನು ಮತ್ತೆ ಮೂಗಿಗೆ ಹಿಡಿದು ನೋಡುತ್ತೇನೆ.