ಡೋವೆಲ್ ಕಂಬಿ ಜರುಗದ ಹಾಗೆ ನಾನು ಮಾಡಿದ್ದು

ಕುಂಬಳೆ ಸೈಟಿನ ಲಿಫ್ಟ್ ಗೋಡೆಗೆ ಸೆಂಟ್ರಿಂಗ್ ಶೀಟು ಮೊದಲ ಸಲಕ್ಕೇ ಕೂತಿತು. ಒಂದು ಡೋವೆಲನ್ನೂ (ಗೋಡೆಯ ಕಂಬಿ ಜೋಡಿಸಲು ಅಡಿಪಾಯದಿಂದ ಮೇಲಕ್ಕೆ ಬಿಟ್ಟ ಕಂಬಿ) ಬಗ್ಗಿಸಬೇಕಾಗಲಿಲ್ಲ. “ಕಾಂಕ್ರೀಟ್ ಬಿದ್ದ ಮೇಲೆ ಕಂಬಿ ಓಡುವುದೇ ಸಾರ್” ಎಂದಿದ್ದ ಮೇಸ್ತ್ರಿಯೇ ಟೇಪು ಹಿಡಿದರು. ವ್ಯತ್ಯಾಸ ಐದಾರು ಮಿಲಿಮೀಟರ್.

ಉಪ್ಪಳ ಕಡೆಯ ಹಳೆಯ ಸೈಟಿನಲ್ಲಿ ಎರಡಿಂಚು ಜರುಗಿದ ಕಂಬಿಗೆ ಪೈಪು ಹಾಕಿ ಎಳೆದು, ಬುಡದ ಕಾಂಕ್ರೀಟ್ ಚಕ್ಕೆ ಎದ್ದಿತ್ತು. ಒಂದು ಬದಿಯಂತೂ ಕಂಬಿಯನ್ನು ಮುಚ್ಚಬೇಕಾದ ಕಾಂಕ್ರೀಟ್ ಪದರದಿಂದಲೇ (ಕವರ್) ಆಚೆ. ಡ್ರಿಲ್ ಮಾಡಿ ಇಪಾಕ್ಸಿ ಅಂಟಿನಲ್ಲಿ ಹೊಸ ಕಂಬಿ ನೆಟ್ಟದ್ದಕ್ಕೆ ಅರ್ಧ ಲಕ್ಷದ ಹತ್ತಿರ ಬಿಲ್ಲು. ಈ ಸಲ ಪ್ಲೈವುಡ್, ಬೋಲ್ಟ್, ಕೂಲಿ ಎಲ್ಲ ಸೇರಿ ಆರು ಸಾವಿರ ದಾಟಿಲ್ಲ.

ಕಂಬಿಯನ್ನು ತೂತಿನಲ್ಲಿ ಹಿಡಿದಿಡುವ ಪ್ಲೈವುಡ್ ಪಟ್ಟಿ ಎರಡು ಹಂತಕ್ಕೆ: ಒಂದು ರಾಫ್ಟ್ (ಅಡಿಪಾಯದ ಕಾಂಕ್ರೀಟ್ ಚಪ್ಪಡಿ) ಮಟ್ಟದಿಂದ ಮೂರಿಂಚು ಮೇಲೆ, ಇನ್ನೊಂದು ಎದೆಯೆತ್ತರಕ್ಕೆ. ಜೋಡಿಸಿಟ್ಟು ಒಟ್ಟಿಗೇ ತೂತು ಹೊಡೆದು, ತೂತಿನ ಸಾಲಿನ ಮೇಲೆಯೇ ಉದ್ದಕ್ಕೆ ಸೀಳಿ ಬೋಲ್ಟ್ ಹಾಕಬೇಕು; ಬಿಚ್ಚುವಾಗ ಕಂಬಿಯ ತುದಿಯವರೆಗೆ ಎತ್ತುವ ಕೆಲಸವಿಲ್ಲ. ತೂತಿಗೆ ಎಷ್ಟು ಸಡಿಲ ಬಿಡಬೇಕೆಂಬುದು ನನ್ನಲ್ಲೇ ಇರಲಿ.

ಪಟ್ಟಿಯನ್ನು ರಾಫ್ಟಿನ ಜಾಲರಿಗೆ ಮಾತ್ರ ಕಟ್ಟಬೇಡಿ. ಕಾಂಕ್ರೀಟ್ ಕುಲುಕಿ ಕೂರಿಸುವ ವೈಬ್ರೇಟರಿನವನು ಮೇಲೆ ನಡೆದರೆ ಜಾಲರಿಯೇ ಜರುಗುತ್ತದೆ. ನಾನು ರಾಫ್ಟಿನ ಆಚೆ ಪೈಪು ನಿಲ್ಲಿಸಿ ಅದಕ್ಕೆ ಬಿಗಿದೆ. ಮುರಕಲ್ಲಿಗೆ ಪೈಪು ಹೊಡೆದರೆ ಇಳಿಯುವುದಿಲ್ಲ, ಗುಂಡಿ ತೋಡಿಸಿದೆ. ಗುತ್ತಿಗೆದಾರರ ಗೊಣಗಾಟ ಶುರುವಾದದ್ದು ಅಲ್ಲಿಂದಲೇ.

ಎಂ25 ದರ್ಜೆಯ ಕಾಂಕ್ರೀಟಿಗೆ ಫೆ500 ದರ್ಜೆಯ ಕಂಬಿಯ ಡೆವಲಪ್‌ಮೆಂಟ್ ಉದ್ದ (ಕಂಬಿ ಜಾರದಂತೆ ಕಾಂಕ್ರೀಟು ಹಿಡಿಯಲು ಬೇಕಾದ ಉದ್ದ) ವ್ಯಾಸದ 49 ಪಟ್ಟು, ಅಂದರೆ 12 ಎಂಎಂಗೆ ಸುಮಾರು ಎರಡಡಿ. ಎಲ್ಲ ಲ್ಯಾಪೂ (ಡೋವೆಲ್ ಮತ್ತು ಗೋಡೆಯ ಕಂಬಿ ಒಂದರ ಪಕ್ಕ ಒಂದು ಸೇರುವ ಜಾಗ) ಬುಡದಲ್ಲೇ ಬಂದರೆ, ಭೂಕಂಪದಲ್ಲಿ ಕಂಬಿ ಮಣಿಯಬೇಕಾದ ಜಾಗದಲ್ಲೇ ಗಂಟು ಹಾಕಿದ ಹಾಗೆ. ಹಾಗಾಗಿ ಮೂರು ಎತ್ತರಕ್ಕೆ ಬಿಟ್ಟೆ, ಕೆಲವು ನೇರ ಮಹಡಿ ದಾಟಿದವು. ಉದ್ದದವು ಗಾಳಿಗೆ ತೂಗಾಡಿ ಹಸಿ ಕಾಂಕ್ರೀಟನ್ನು ಬುಡದಲ್ಲಿ ಸಡಿಲಿಸುತ್ತವೆ. ಮೇಲೆ ಸ್ಕಫೋಲ್ಡಿಂಗಿಗೆ ಕಟ್ಟಿದರೇ ಸೈ.

ಆಟಿಯ ಮಳೆಗೆ ಕೆಲಸ ನಿಂತಾಗ ಇನ್ನೊಂದು ಪರೀಕ್ಷೆ. ತುಕ್ಕು ಹಿಡಿಯದಿರಲೆಂದು ಕೆಲವು ಕಂಬಿಗೆ ಪಿವಿಸಿ ಪೈಪು ತೊಡಿಸಿದೆ, ಕೆಲವಕ್ಕೆ ಗಟ್ಟಿ ಸಿಮೆಂಟ್ ಸ್ಲರಿ ಎರಡು ಸಲ ಬಳಿದೆ. ಪೈಪಿನೊಳಗೆ ನೀರು ನಿಂತು ತುಕ್ಕು ಹೆಚ್ಚೇ ಆಯಿತು. ಸ್ಲರಿಯವು ಪರವಾಗಿಲ್ಲ, ವೈರ್ ಬ್ರಶ್ಶಿಗೆ ಬಿಟ್ಟುಕೊಟ್ಟವು.

ರಾಫ್ಟಿಗೆ ಗೋಡೆ ಕೂಡುವ ಜಾಯಿಂಟ್ ಒರಟು ಮಾಡಲು ಚಿಪ್ಪಿಂಗ್ (ಉಳಿಯಿಂದ ಕೆತ್ತುವುದು) ಮಾಡಿಸಲಿಲ್ಲ. ರಾಫ್ಟ್ ಹಾಕಿದ ಸಂಜೆ ಗೋಡೆ ಬರುವಷ್ಟೇ ಜಾಗಕ್ಕೆ, ಮೇಲ್ಪದರ ಬೇಗ ಗಟ್ಟಿಯಾಗದ ಹಾಗೆ ಸಕ್ಕರೆ ನೀರು ಚಿಮುಕಿಸಿ, ಮರುದಿನ ಬೆಳಿಗ್ಗೆ ಜೋರು ನೀರು ಬಿಟ್ಟೆ. ಮೇಲಿನ ಕೆನೆ ಹೋಗಿ ಜಲ್ಲಿ ಎದ್ದು ಕಂಡಿತು. ಪ್ರಮಾಣ ಮಾತ್ರ ಕೇಳಬೇಡಿ, ನಿಮ್ಮ ಸಿಮೆಂಟಿಗೆ ನೀವೇ ಒಂದು ಮೂಲೆಯಲ್ಲಿ ನೋಡಿಕೊಳ್ಳಿ.