ಡಿಸ್ನಿ ಕ್ಯಾಂಪ್‌ಗ್ರೌಂಡ್‌ಗೆ ಕೊರೊನಾ ಕಾಲದಲ್ಲಿ ಹೋಗುವುದು ಹೇಗೆ?

ಕೊರೊನಾದಿಂದಾಗಿ 2020ರ ಮಾರ್ಚ್‌ನಲ್ಲಿ ಬಾಗಿಲು ಹಾಕಿದ ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ ಮತ್ತೆ ತೆರೆದದ್ದು ಹಂತ ಹಂತವಾಗಿ. ಮೊದಲು ತೆರೆದ ವಸತಿಗಳಲ್ಲಿ ಫೋರ್ಟ್ ವಿಲ್ಡರ್‌ನೆಸ್ ಕ್ಯಾಂಪ್‌ಗ್ರೌಂಡ್ ಕೂಡ ಒಂದು. ಅದು ಜೂನ್ 22ಕ್ಕೆ ತೆರೆಯಿತು, ಡಿಸ್ನಿ ವರ್ಲ್ಡ್‌ನ ಪಾರ್ಕ್‌ಗಳಲ್ಲೊಂದಾದ ಮ್ಯಾಜಿಕ್ ಕಿಂಗ್‌ಡಮ್ ಜುಲೈ 11ಕ್ಕೆ. 1971ರಿಂದ ನಡೆಯುತ್ತಿರುವ, ಸುಮಾರು 750 ಎಕರೆ ಪೈನ್ ಮತ್ತು ಸೈಪ್ರಸ್ ಕಾಡಿನಲ್ಲಿ ಹರಡಿರುವ ಈ ಜಾಗಕ್ಕೆ ಸೋಂಕಿನ ಕಾಲದಲ್ಲಿ ಒಂದು ದೊಡ್ಡ ಅನುಕೂಲವಿದೆ: ಇಲ್ಲಿ ಲಿಫ್ಟ್ ಇಲ್ಲ, ಮುಚ್ಚಿದ ಕಾರಿಡಾರ್ ಇಲ್ಲ. ಆರ್‌ವಿ ಎನ್ನುವ ಮನೆಯಂಥ ಗಾಡಿಯಲ್ಲಿ ಬಂದರೆ ಹಾಸಿಗೆ, ಅಡುಗೆ, ಶೌಚಾಲಯ ಮೂರನ್ನೂ ನೀವೇ ತಂದಿರುತ್ತೀರಿ. ಆದರೆ ಸಿದ್ಧತೆ ಸರಿಯಿಲ್ಲದಿದ್ದರೆ ದಿನಕ್ಕೆ ನಾಲ್ಕು ಸಲ ಸಾರ್ವಜನಿಕ ಸ್ನಾನಗೃಹಕ್ಕೂ ಅಂಗಡಿಗೂ ಓಡುವುದಾಗುತ್ತದೆ, ಬಂದ ಅನುಕೂಲವೆಲ್ಲ ಅಲ್ಲೇ ಕಳೆದುಹೋಗುತ್ತದೆ. ಕೆಳಗಿನ ಹಂತಗಳೆಲ್ಲ ಹಂಚಿಕೊಂಡು ಬಳಸುವ ಜಾಗಗಳಿಗೆ ಹೋಗುವುದನ್ನು ಆದಷ್ಟು ತಪ್ಪಿಸಲು. ಕೊರೊನಾ ನಿಯಮಗಳನ್ನು 2021ರ ಫೆಬ್ರುವರಿಯಲ್ಲಿ ಇದ್ದಂತೆ ಕೊಟ್ಟಿದ್ದೇವೆ. ಅವುಗಳಲ್ಲಿ ಹೆಚ್ಚಿನವು ಈಗ ಇಲ್ಲ, ಹೊರಡುವ ಹಿಂದಿನ ದಿನ ಈಗಿನ ನಿಯಮ ನೋಡಿಕೊಳ್ಳಿ.

ಹಂತ 1: ಮೊದಲು ಜಾಗ, ಆಮೇಲೆ ಟಿಕೆಟ್, ಕೊನೆಗೆ ಪಾರ್ಕ್ ಪಾಸ್

ಆಗ ಈ ಕ್ರಮ ತಪ್ಪುವಂತಿರಲಿಲ್ಲ. 2021ರಲ್ಲಿ ಟಿಕೆಟ್ ಒಂದಿದ್ದರೆ ಪಾರ್ಕ್‌ ಒಳಗೆ ಬಿಡುತ್ತಿರಲಿಲ್ಲ. 3 ವರ್ಷ ಮೇಲ್ಪಟ್ಟ ಪ್ರತಿಯೊಬ್ಬರಿಗೂ ಯಾವ ದಿನ ಯಾವ ಪಾರ್ಕ್ ಎಂದು ಮೊದಲೇ ಕಾಯ್ದಿರಿಸಬೇಕಿತ್ತು. ಇದಕ್ಕೆ ಡಿಸ್ನಿ ಪಾರ್ಕ್ ಪಾಸ್ ಎಂದು ಹೆಸರಿತ್ತು. ರೆಸಾರ್ಟ್‌ನಲ್ಲಿ ಉಳಿಯುವವರಿಗೆ ಪ್ರತ್ಯೇಕ ಪಾಲು ಇತ್ತು, ಕ್ಯಾಂಪ್‌ಸೈಟ್‌ನವರೂ ಅದರಲ್ಲಿ ಸೇರುತ್ತಿದ್ದರು. ಆದರೆ ಮನೆಯವರೆಲ್ಲರ ಹೆಸರೂ ಕ್ಯಾಂಪ್‌ಸೈಟ್ ಬುಕಿಂಗ್‌ಗೆ ಸೇರಿರಬೇಕಿತ್ತು, ಪ್ರತಿಯೊಬ್ಬರ ಟಿಕೆಟ್ಟೂ ಡಿಸ್ನಿ ಆ್ಯಪ್‌ನ ಮೈ ಡಿಸ್ನಿ ಎಕ್ಸ್‌ಪೀರಿಯನ್ಸ್ ಖಾತೆಗೆ ಜೋಡಣೆಯಾಗಿರಬೇಕಿತ್ತು. ಹೆಚ್ಚಿನವರು ಎಡವುತ್ತಿದ್ದುದು ಇಲ್ಲಿಯೇ: ಬುಕ್ ಮಾಡಿದವರ ಹೆಸರು ಮಾತ್ರ ಇರುತ್ತಿತ್ತು, ಉಳಿದವರಿಗೆ ‘ದಿನ ಲಭ್ಯವಿಲ್ಲ’ ಎಂದು ತೋರಿಸುತ್ತಿತ್ತು. ಒಂದೇ ದಿನ ಎರಡನೇ ಪಾರ್ಕ್‌ಗೆ ಹೋಗುವ ಸೌಲಭ್ಯ 2021ರ ಜನವರಿ 1ರಿಂದ ಮರಳಿತ್ತು. ಆದರೆ ಮಧ್ಯಾಹ್ನ 2ರ ನಂತರ ಮಾತ್ರ, ಅದೂ ಮೊದಲು ಕಾಯ್ದಿರಿಸಿದ ಪಾರ್ಕ್‌ಗೆ ಕಾಲಿಟ್ಟ ಮೇಲೆ.

ಹಂತ 2: ಯಾವ ಬಗೆಯ ಸೈಟ್?

ಇಲ್ಲಿ ಸುಮಾರು 800 ಸೈಟ್‌ಗಳಿವೆ. ಎಲ್ಲವೂ ‘ಲೂಪ್’ ಎನ್ನುವ ಸಣ್ಣ ವೃತ್ತ ರಸ್ತೆಗಳ ಸುತ್ತ ಇವೆ. ಪ್ರತಿ ಸೈಟ್‌ನಲ್ಲೂ ಕರೆಂಟ್, ನೀರು, ಊಟದ ಮೇಜು, ಇದ್ದಿಲ ಒಲೆ ಇರುತ್ತವೆ. ಒಂದರಲ್ಲಿ 10 ಜನರವರೆಗೆ ಉಳಿಯಬಹುದು.

ಟೆಂಟ್‌ಗೂ ಮಡಚುವ ಟ್ರೇಲರ್‌ಗೂ ಇರುವ ಅಗ್ಗದ ‘ಟೆಂಟ್ ಅಥವಾ ಪಾಪ್‌ಅಪ್’ ಸೈಟ್‌ಗೆ ಒಳಚರಂಡಿ ಸಂಪರ್ಕ ಇಲ್ಲ. ಬೇರೆ ಕಾಲದಲ್ಲಾದರೆ ಅದೊಂದು ಕೊರತೆಯೇ ಅಲ್ಲ. ಸೋಂಕಿನ ಕಾಲದಲ್ಲಿ ಮಾತ್ರ ಅದು ದೊಡ್ಡ ಕೊರತೆ. ಆರ್‌ವಿಯ ಕೊಳಕು ನೀರಿನ ಟ್ಯಾಂಕ್ ತುಂಬಿದ ಕೂಡಲೇ ನಿಮ್ಮ ಶೌಚಾಲಯ ನಿಂತುಹೋಗುತ್ತದೆ, ಆಮೇಲೆ ಸಾರ್ವಜನಿಕ ಸ್ನಾನಗೃಹವೇ ಗತಿ. ಒಂದು ರಾತ್ರಿಯ ಬಾಡಿಗೆ ಹೆಚ್ಚಾದರೂ ಒಳಚರಂಡಿ ಸಂಪರ್ಕವೂ ಇರುವ ‘ಫುಲ್ ಹುಕಪ್’ ಅಥವಾ ಅದಕ್ಕಿಂತ ಮೇಲಿನ ವರ್ಗವನ್ನೇ ಆರಿಸಿ ಎನ್ನುವುದು ನಮ್ಮ ಖಚಿತ ಸಲಹೆ.

‘ಪ್ರಿಫರ್ಡ್’ ಎಂದರೆ ದೊಡ್ಡ ಸೈಟ್ ಎಂದು ತಿಳಿಯುವವರು ಬಹಳ. ಅದು ಸ್ಥಳದ ಮಾತು: ಬೇ ಲೇಕ್ ದಂಡೆಯ ಸೆಟಲ್‌ಮೆಂಟ್ ಭಾಗಕ್ಕೆ ಹತ್ತಿರ, ಅಂದರೆ ಮ್ಯಾಜಿಕ್ ಕಿಂಗ್‌ಡಮ್‌ನ ದೋಣಿಕಟ್ಟೆಗೆ ನಡೆದೇ ಹೋಗಬಹುದು. ದೊಡ್ಡ ಗಾಡಿಗೆ ವಿಸ್ತಾರವಾದ ಜಾಗ ಬೇಕಿದ್ದರೆ ‘ಪ್ರೀಮಿಯಂ’. ಬುಕ್ ಮಾಡುವಾಗ ಗಾಡಿಯ ಉದ್ದವನ್ನು ಹಿಚ್ (ಎಳೆಯುವ ಕೊಂಡಿ) ಸೇರಿಸಿ, ಎಳೆಯುವ ವಾಹನವನ್ನು ಬೇರೆಯಾಗಿ ಹೇಳಿ.

ಆರ್‌ವಿ ಇಲ್ಲದವರಿಗೆ ಕ್ಯಾಬಿನ್‌ಗಳಿವೆ. ಅಡುಗೆಮನೆ, ಸ್ನಾನಗೃಹ ಒಳಗೇ ಇರುತ್ತವೆ. ಒಳಹೋದ ಕೂಡಲೇ ಕಿಟಕಿ ಬಾಗಿಲು ತೆರೆದು ಗಾಳಿಯಾಡಲು ಬಿಡಿ.

ಹಂತ 3: ಹೊರಡುವ ಮುನ್ನ ನೀರಿನ ಟ್ಯಾಂಕ್

ದಾರಿಯಲ್ಲಿ ಪೆಟ್ರೋಲ್ ಬಂಕ್‌ನ ಶೌಚಾಲಯ ತಪ್ಪಿಸಬೇಕಾದರೆ ಗಾಡಿಯ ಟ್ಯಾಂಕ್‌ನಲ್ಲಿ ಒಳ್ಳೆಯ ನೀರು ಇರಲೇಬೇಕು. ತಿಂಗಳುಗಟ್ಟಲೆ ನಿಂತಿದ್ದ ಗಾಡಿಯ ಟ್ಯಾಂಕ್‌ನಲ್ಲಿ ಲೋಳೆ ಕಟ್ಟಿರುತ್ತದೆ. ಅದನ್ನು ಹೀಗೆ ಶುದ್ಧಿ ಮಾಡಿ:

ಹಳೆಯ ನೀರನ್ನೆಲ್ಲ ಬಸಿಯಿರಿ. ವಾಟರ್ ಹೀಟರ್‌ಗೆ ಬೈಪಾಸ್ ಹಾಕಿ, ಫಿಲ್ಟರ್ ಬಿಚ್ಚಿಡಿ. ಟ್ಯಾಂಕ್‌ನ ಪ್ರತಿ 15 ಗ್ಯಾಲನ್‌ಗೆ ಕಾಲು ಕಪ್‌ನಂತೆ ಪರಿಮಳವಿಲ್ಲದ ಮನೆಬಳಕೆಯ ಬ್ಲೀಚ್ ತೆಗೆದುಕೊಳ್ಳಿ. 40 ಗ್ಯಾಲನ್ ಟ್ಯಾಂಕ್‌ಗೆ ಸುಮಾರು ಮೂರನೇ ಎರಡು ಕಪ್ ಆಗುತ್ತದೆ. ಅದನ್ನು ಒಂದು ಬಕೆಟ್ ನೀರಿನಲ್ಲಿ ಕಲಸಿಯೇ ಒಳಗೆ ಸುರಿಯಿರಿ, ನೇರವಾಗಿ ಬೇಡ. ಟ್ಯಾಂಕ್ ತುಂಬಿಸಿ, ಪಂಪ್ ಹಾಕಿ, ಒಂದೊಂದೇ ನಲ್ಲಿ ತಿರುಗಿಸಿ ಬ್ಲೀಚ್ ವಾಸನೆ ಬರುವವರೆಗೆ ಹರಿಸಿ ಮುಚ್ಚಿ. ಷವರ್ ಮತ್ತು ಹೊರಗಿನ ನಲ್ಲಿ ಮರೆಯಬೇಡಿ. ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಖಾಲಿ ಮಾಡಿ, ವಾಸನೆ ಹೋಗುವ ತನಕ ಹೊಸ ನೀರಿನಿಂದ ತೊಳೆಯಿರಿ. ಸಾಮಾನ್ಯವಾಗಿ ಎರಡು ಸಲ ತುಂಬಿ ಬಸಿಯಬೇಕಾಗುತ್ತದೆ.

ಒಬ್ಬೊಬ್ಬರಿಗೆ ದಿನಕ್ಕೆ ಮೂರರಂತೆ ಮಾಸ್ಕ್, ಶೇ 60ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ಸ್ಯಾನಿಟೈಸರ್, ಥರ್ಮಾಮೀಟರ್, ಬಳಸಿ ಬಿಸಾಡುವ ಕೈಗವಸು ಇರಲಿ. ದಿನಸಿಯನ್ನೂ ಪೂರ್ತಿ ತುಂಬಿಕೊಂಡು ಬನ್ನಿ. ಕ್ಯಾಂಪ್‌ಗ್ರೌಂಡ್‌ನ ಎರಡೂ ಟ್ರೇಡಿಂಗ್ ಪೋಸ್ಟ್ ಅಂಗಡಿಗಳು ಚಿಕ್ಕವು. ಸಂಜೆ ಹೊತ್ತು ಅವುಗಳೊಳಗೆ 6 ಅಡಿ ಅಂತರ ಕಾಯ್ದುಕೊಳ್ಳುವುದು ಕಷ್ಟ.

ಹಂತ 4: ಬಂದಿಳಿದ ಮೇಲೆ

ಆ್ಯಪ್‌ನಲ್ಲಿ ಮೊದಲೇ ಚೆಕ್‌ಇನ್ ಮುಗಿಸಿಡಿ. ಕ್ಯಾಂಪ್‌ಸೈಟ್ ಸಿಗುವುದು ಮಧ್ಯಾಹ್ನ 1ಕ್ಕೆ, ಬಿಡಬೇಕಾದದ್ದು ಬೆಳಗ್ಗೆ 11ಕ್ಕೆ. ಒಂದು ಗಂಟೆಗೆ ಮುಂಚೆ ಬಂದು ಹೆಬ್ಬಾಗಿಲಲ್ಲಿ ಗುಂಪುಗೂಡುವುದಕ್ಕಿಂತ ಎರಡರ ಮೇಲೆ ಬಂದರೆ ಸಾಲು ಕರಗಿರುತ್ತದೆ.

ಗಾಡಿ ನಿಲ್ಲಿಸಿ, ಮಟ್ಟ ನೋಡಿದ ಮೇಲೆ ಕರೆಂಟ್ ಕಂಬದ ಬ್ರೇಕರ್, ನಲ್ಲಿಯ ಹಿಡಿ, ಚರಂಡಿಯ ಮುಚ್ಚಳ ಇವನ್ನು ಸೋಂಕುನಾಶಕದಿಂದ ಒರೆಸಿ. ನಿಮಗಿಂತ ಮೊದಲು ಇದ್ದವರು ಬರಿಗೈಯಲ್ಲಿ ಮುಟ್ಟಿರುವುದು ಅವನ್ನೇ. ಒಂದು ಗ್ಯಾಲನ್ ನೀರಿಗೆ 5 ಟೇಬಲ್ ಚಮಚ ಬ್ಲೀಚ್ ಹಾಕಿದ ದ್ರಾವಣ ಸಾಕು. ಕನಿಷ್ಠ ಒಂದು ನಿಮಿಷ ಒದ್ದೆಯಾಗಿರಬೇಕು, ತಕ್ಷಣ ಒಣಗಿಸಿದರೆ ಪ್ರಯೋಜನವಿಲ್ಲ. ಕರೆಂಟ್ ಕಂಬಕ್ಕೆ ಮಾತ್ರ ದ್ರಾವಣ ಸಿಂಪಡಿಸಬೇಡಿ. ಬ್ರೇಕರ್ ಆಫ್ ಮಾಡಿ, ಹಿಂಡಿದ ಬಟ್ಟೆಯಿಂದ ಹೊರಭಾಗವನ್ನಷ್ಟೇ ಒರೆಸಿ. ಬ್ಲೀಚ್‌ಗೆ ಬೇರೆ ಯಾವ ಕ್ಲೀನರ್ ಅನ್ನೂ ಬೆರೆಸಬಾರದು, ವಿಷಾನಿಲ ಏಳುತ್ತದೆ.

ಕರೆಂಟ್: ಬ್ರೇಕರ್ ಆಫ್ ಇರುವಾಗಲೇ ಸರ್ಜ್ ಪ್ರೊಟೆಕ್ಟರ್ ಹಾಕಿ, ಅದರ ಮೇಲೆ ಗಾಡಿಯ ಪ್ಲಗ್ ಜೋಡಿಸಿ, ಆಮೇಲೆ ಆನ್ ಮಾಡಿ. 30 ಆಂಪ್ ಸಂಪರ್ಕದಲ್ಲಿ 120 ವೋಲ್ಟ್‌ಗೆ ಸಿಗುವುದು 3,600 ವ್ಯಾಟ್. ಚಾವಣಿಯ ಎಸಿ ಸುಮಾರು 1,500, ವಾಟರ್ ಹೀಟರ್ 1,400, ಮೈಕ್ರೊವೇವ್ 1,500 ವ್ಯಾಟ್ ಎಳೆಯುತ್ತವೆ. ಮೂರೂ ಒಟ್ಟಿಗೆ ಓಡಿದರೆ ಬ್ರೇಕರ್ ಬೀಳುವುದು ಖಂಡಿತ. ಅಡುಗೆ ಹೊತ್ತಿನಲ್ಲಿ ಹೀಟರನ್ನು ಗ್ಯಾಸ್‌ಗೆ ಬದಲಿಸಿ.

ನೀರು: ನಲ್ಲಿಗೆ ಮೊದಲು ಪ್ರೆಷರ್ ರೆಗ್ಯುಲೇಟರ್, ಆಮೇಲೆ ಕುಡಿಯುವ ನೀರಿನ ಬಿಳಿ ಪೈಪ್. ರೆಗ್ಯುಲೇಟರನ್ನು ಗಾಡಿಯ ಕಡೆ ಹಾಕಿದರೆ ಪೂರ್ತಿ ಒತ್ತಡ ಪೈಪಿನ ಮೇಲೆ ಬಿದ್ದು, ರಾತ್ರಿ ಎಲ್ಲಾದರೂ ಸೀಳುತ್ತದೆ. ಫೆಬ್ರುವರಿ ತನಕ ಕೆಲವು ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವುದುಂಟು. ಅಂಥ ಮುನ್ಸೂಚನೆ ಇದ್ದರೆ ಪೈಪ್ ಬಿಚ್ಚಿ, ಬಸಿದು, ಆ ರಾತ್ರಿ ಟ್ಯಾಂಕ್ ನೀರನ್ನೇ ಬಳಸಿ.

ಚರಂಡಿ: ಪೈಪ್ ಜೋಡಿಸಿದ್ದೇವಲ್ಲ ಎಂದು ಶೌಚಾಲಯದ ಕೊಳೆ ತುಂಬುವ ಕಪ್ಪು ಟ್ಯಾಂಕ್‌ನ ವಾಲ್ವ್ ತೆರೆದೇ ಬಿಡುವುದು ಬಹಳ ಸಾಮಾನ್ಯ. ಹಾಗೆ ಬಿಟ್ಟರೆ ನೀರು ಹರಿದುಹೋಗಿ ಮಲ ಮಾತ್ರ ತಳದಲ್ಲಿ ದಿಬ್ಬವಾಗಿ ಗಟ್ಟಿಯಾಗುತ್ತದೆ. ನಡುದಾರಿಯಲ್ಲಿ ಶೌಚಾಲಯ ಕೈಕೊಟ್ಟರೆ ಈ ಪ್ರವಾಸದ ಅರ್ಥವೇ ಹೋಯಿತು. ವಾಲ್ವ್ ಮುಚ್ಚಿಡಿ, ಟ್ಯಾಂಕ್ ಮೂರನೇ ಎರಡು ಭಾಗ ತುಂಬಿದ ಮೇಲೆ ಒಮ್ಮೆಲೇ ಬಿಡಿ. ಮೊದಲು ಕಪ್ಪು, ಅದು ಮುಚ್ಚಿದ ಮೇಲೆ ಸಿಂಕ್ ಮತ್ತು ಷವರ್‌ನ ಬೂದು ಟ್ಯಾಂಕ್: ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಕೈಗವಸು ಕಳಚಿ ಬಿಸಾಡಿ, 20 ಸೆಕೆಂಡ್ ಕೈ ತೊಳೆಯಿರಿ.

ಹಂತ 5: ಸೈಟ್‌ನ ಗಡಿ ದಾಟಿದರೆ ಮಾಸ್ಕ್

ನಿಮ್ಮ ಸೈಟ್‌ನಲ್ಲಿ ಮಾಸ್ಕ್ ಬೇಕಿರಲಿಲ್ಲ. ಅಂಗಡಿ, ಬಸ್, ಸ್ನಾನಗೃಹ, ಪಾರ್ಕ್ ಎಲ್ಲೆಡೆ 2 ವರ್ಷ ಮೇಲ್ಪಟ್ಟವರಿಗೆ 2021ರ ಫೆಬ್ರುವರಿಯಲ್ಲಿ ಕಡ್ಡಾಯವಾಗಿತ್ತು. ಕನಿಷ್ಠ ಎರಡು ಪದರ, ಮೂಗು ಬಾಯಿ ಗದ್ದ ಮುಚ್ಚುವಂತಿರಬೇಕಿತ್ತು, ಕಿವಿಗೆ ಅಥವಾ ತಲೆಗೆ ಭದ್ರವಾಗಿ ನಿಲ್ಲಬೇಕಿತ್ತು. ವಾಲ್ವ್ ಇರುವ ಮಾಸ್ಕ್, ಕುತ್ತಿಗೆಯಿಂದ ಎಳೆದುಕೊಳ್ಳುವ ಗೇಟರ್, ಕರವಸ್ತ್ರ ಕಟ್ಟಿಕೊಂಡದ್ದು ಯಾವುದನ್ನೂ ಒಪ್ಪುತ್ತಿರಲಿಲ್ಲ. ನಡೆಯುತ್ತ ತಿನ್ನುವುದಕ್ಕೂ ಅವಕಾಶವಿರಲಿಲ್ಲ, ಅಂತರ ಇಟ್ಟು ಒಂದೆಡೆ ನಿಂತೇ ತಿನ್ನಬೇಕಿತ್ತು. ಈಜುವಾಗ ಮಾಸ್ಕ್ ತೆಗೆಯಬೇಕಿತ್ತು, ಕೊಳದಿಂದ ಮೇಲೆ ಬಂದು ಹೊರಟಾಗ ಒಣ ಮಾಸ್ಕ್ ಹಾಕಬೇಕಿತ್ತು. ಬೆವರಿನಲ್ಲಿ ನೆನೆದ ಮಾಸ್ಕ್‌ನಲ್ಲಿ ಉಸಿರಾಡುವುದೇ ಕಷ್ಟ, ಮಕ್ಕಳು ಅದನ್ನು ಕೆಳಗೆಳೆಯುತ್ತಲೇ ಇರುತ್ತಾರೆ. ದಿನಕ್ಕೆ ಮೂರು ಬೇಕೆಂದದ್ದು ಅದಕ್ಕೇ. ಬೇ ಲೇಕ್ ಕೆರೆಯಲ್ಲಿ ಈಜುವಂತಿಲ್ಲ, ಅದು ಕೊರೊನಾಗಿಂತ ಹಳೆಯ ನಿಯಮ.

ಟೆಂಟ್‌ನಲ್ಲೇ ಉಳಿಯುವವರಿಗೆ ‘ಕಂಫರ್ಟ್ ಸ್ಟೇಷನ್’ ಎನ್ನುವ ಸ್ನಾನಗೃಹ ತಪ್ಪಿದ್ದಲ್ಲ. ಪಾರ್ಕ್‌ಗೆ ಹೊರಡುವ ಮುಂಚಿನ ಹೊತ್ತು, ಪಾರ್ಕ್ ಮುಚ್ಚಿದ ನಂತರದ ಹೊತ್ತು ಎರಡೂ ಬಿಟ್ಟು, ಮಧ್ಯಾಹ್ನ ಸ್ನಾನ ಮಾಡಿ. ಹಲ್ಲುಜ್ಜುವುದು, ಪಾತ್ರೆ ತೊಳೆಯುವುದು ಸೈಟ್‌ನ ನಲ್ಲಿ ನೀರನ್ನು ಬಕೆಟ್‌ಗೆ ಹಿಡಿದು ಆಗಲಿ, ಬಳಸಿದ ನೀರನ್ನು ಮಾತ್ರ ನೆಲಕ್ಕೆ ಚೆಲ್ಲದೆ ಕಂಫರ್ಟ್ ಸ್ಟೇಷನ್‌ಗೆ ಒಯ್ದು ಸುರಿಯಿರಿ. ಇನ್ನೊಂದು ಮಾಸ್ಕ್ ಜಿಪ್ ಚೀಲದಲ್ಲಿಟ್ಟು ಒಯ್ಯಿರಿ.

ಅಕ್ಕಪಕ್ಕದ ಸೈಟ್‌ನವರೊಂದಿಗೆ ಬೆಂಕಿಯ ಸುತ್ತ ಕೂರುವುದು ಈ ಜಾಗದ ಹಳೆಯ ಸೊಗಸು. ಕೂತರೂ ಕುರ್ಚಿಗಳ ನಡುವೆ 6 ಅಡಿ ಇರಲಿ, ತಿಂಡಿಯ ತಟ್ಟೆ ಕೈಯಿಂದ ಕೈಗೆ ಹೋಗದಿರಲಿ, ಒಬ್ಬರ ಆರ್‌ವಿಯೊಳಗೆ ಇನ್ನೊಬ್ಬರು ಹೋಗದಿರಲಿ. ನಾಲ್ಕು ಗೋಡೆಯ ಆ ಸಣ್ಣ ಜಾಗದಲ್ಲಿ ಗಾಳಿ ಬಲು ಕಡಿಮೆ.

ಚಿಪ್ ಆ್ಯಂಡ್ ಡೇಲ್ ಎಂಬ ಡಿಸ್ನಿ ಪಾತ್ರಗಳ ಜತೆಗಿನ ರಾತ್ರಿಯ ಹಾಡು ಆಗ ಇರಲಿಲ್ಲ. 1974ರಿಂದ ನಡೆದುಬಂದ ಹೂಪ್‌-ಡೀ-ಡೂ ಊಟದ ಜತೆಗಿನ ಪ್ರದರ್ಶನವೂ ನಿಂತಿತ್ತು, ಪಾರ್ಕ್‌ಗಳ ಪಟಾಕಿಯೂ ನಿಂತಿತ್ತು. ಇವುಗಳಿಗಾಗಿಯೇ ಬರುವವರು ಆಗ ಪ್ರವಾಸ ಮುಂದೂಡುವುದು ಒಳ್ಳೆಯದಿತ್ತು.

ಹಂತ 6: ಸೈಟ್‌ನಿಂದ ಪಾರ್ಕ್‌ಗೆ

ಇಡೀ ಯೋಜನೆಯ ದುರ್ಬಲ ಕೊಂಡಿ ಇದು. ಕ್ಯಾಂಪ್‌ಗ್ರೌಂಡ್ ಒಳಗೆ ಕಾರಿನಲ್ಲಿ ಓಡಾಡುವಂತಿಲ್ಲ, ನಿಮ್ಮ ಸೈಟ್‌ಗೆ ಬಂದು ಹೋಗಲು ಮಾತ್ರ ಬಳಸಬಹುದು. ಒಳಗಿನ ಬಸ್ ಹಿಡಿದು ಔಟ್‌ಪೋಸ್ಟ್ ನಿಲ್ದಾಣಕ್ಕೆ, ಅಲ್ಲಿ ಪಾರ್ಕ್ ಬಸ್‌ಗೆ ಎಂದರೆ ಎರಡು ಮುಚ್ಚಿದ ವಾಹನ, ಎರಡು ಸಾಲು. ಬಸ್‌ಗಳಲ್ಲಿ ತಡೆಹಲಗೆ ಹಾಕಿ, ಗುಂಪುಗಳ ನಡುವೆ ಅಂತರ ಬಿಟ್ಟು ಆಗ ಕೂರಿಸುತ್ತಿದ್ದರು. ಹೀಗಾಗಿ ಒಂದು ಬಸ್‌ಗೆ ಹತ್ತುವವರ ಸಂಖ್ಯೆ ಕಡಿಮೆಯಿತ್ತು, ಕಾಯುವ ಸಮಯ ಹೆಚ್ಚಿತ್ತು.

ಉತ್ತಮ ದಾರಿ ಹೀಗಿದೆ. ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್‌ಡಮ್‌ಗೆ ಸೈಟ್‌ನಿಂದ ನಿಮ್ಮ ಕಾರಿನಲ್ಲೇ ಹೊರಡಿ. ರೆಸಾರ್ಟ್‌ನಲ್ಲಿ ಉಳಿದವರಿಗೆ ಪಾರ್ಕ್‌ಗಳ ಸಾಮಾನ್ಯ ಪಾರ್ಕಿಂಗ್ ಉಚಿತ. ಮ್ಯಾಜಿಕ್ ಕಿಂಗ್‌ಡಮ್‌ಗೆ ಮಾತ್ರ ಕಾರು ಬೇಡ: ಕಾರು ನಿಲ್ಲಿಸಿದ ಮೇಲೂ ಮಾನೊರೈಲ್ ಅಥವಾ ಫೆರ್ರಿ ಹತ್ತಬೇಕಾಗುತ್ತದೆ. ಸೆಟಲ್‌ಮೆಂಟ್ ಕಟ್ಟೆಯ ದೋಣಿ ನೇರವಾಗಿ ಪಾರ್ಕ್ ಬಾಗಿಲಿಗೆ ಒಯ್ಯುತ್ತದೆ, ಗಾಳಿಯೂ ಆಡುತ್ತದೆ. ಗುಡುಗು ಮಿಂಚು ಬಂದರೆ ದೋಣಿ ನಿಲ್ಲುತ್ತದೆ, ಆಗ ಬಸ್ ಒಂದೇ ದಾರಿ. ಕಟ್ಟೆಯವರೆಗೆ ಹೋಗಲು ಸೈಕಲ್ ತನ್ನಿ, ಇಲ್ಲವೇ ಬಾಡಿಗೆ ಗಾಲ್ಫ್ ಕಾರ್ಟ್ ತೆಗೆದುಕೊಳ್ಳಿ. ಕಾರ್ಟ್‌ಗಳು ಬೇಗ ಮುಗಿಯುತ್ತವೆ, ಸೈಟ್ ಬುಕ್ ಮಾಡಿದ ದಿನವೇ ಅದನ್ನೂ ಕೇಳಿಡಿ.

2021ರ ಫೆಬ್ರುವರಿಯಲ್ಲಿ ಪಾರ್ಕ್ ಬಾಗಿಲಲ್ಲಿ ಜ್ವರ ನೋಡುತ್ತಿದ್ದರು. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಮೇಲಿದ್ದರೆ ಪಕ್ಕಕ್ಕೆ ಕರೆದು ಮತ್ತೊಮ್ಮೆ ಅಳೆಯುತ್ತಿದ್ದರು. ಆಗಲೂ ಇಳಿಯದಿದ್ದರೆ ಆ ವ್ಯಕ್ತಿಗಷ್ಟೇ ಅಲ್ಲ, ಜತೆಗೆ ಬಂದವರಿಗೂ ಪ್ರವೇಶವಿರಲಿಲ್ಲ. ಬೆಳಗ್ಗೆ ಸೈಟ್‌ನಲ್ಲೇ ಎಲ್ಲರ ಜ್ವರ ನೋಡಿಯೇ ಹೊರಡಿ. ಜ್ವರ ಇದೆ ಎಂದಾದರೆ ಮಾತ್ರೆ ನುಂಗಿ ಇಳಿಸಿಕೊಂಡು ಹೋಗಲು ಯತ್ನಿಸಬೇಡಿ. ಸಾವಿರಾರು ಜನರ ನಡುವೆ ನೀವು ಸೋಂಕು ಒಯ್ಯುತ್ತಿರಬಹುದು.

ಹಂತ 7: ಹೊರಡುವ ದಿನ

ಹಿಂದಿನ ಸಂಜೆಯೇ ಬೂದು ಟ್ಯಾಂಕ್‌ನ ವಾಲ್ವ್ ಮುಚ್ಚಿ, ಬೆಳಗ್ಗೆ ಪೈಪ್ ತೊಳೆಯಲು ನೀರು ಸಂಗ್ರಹವಾಗಿರುತ್ತದೆ. ಕಪ್ಪು, ಬೂದು ಎರಡನ್ನೂ ಖಾಲಿ ಮಾಡಿ, ದಾರಿಯ ಬಳಕೆಗೆ ಕಪ್ಪು ಟ್ಯಾಂಕ್‌ಗೆ ಕೆಲವು ಗ್ಯಾಲನ್ ನೀರು, ಶೌಚಾಲಯದ ಟ್ಯಾಂಕ್‌ಗೆಂದೇ ಸಿಗುವ ರಾಸಾಯನಿಕ ಹಾಕಿ. ಒಳ್ಳೆಯ ನೀರಿನ ಟ್ಯಾಂಕ್ ತುಂಬಿಸುವ ಕೆಲಸ ಚರಂಡಿ ಕೆಲಸಕ್ಕಿಂತ ಮೊದಲೇ ಮುಗಿಯಲಿ. ನೀವು ಮುಟ್ಟಿದ ಕಂಬ, ನಲ್ಲಿ, ಮುಚ್ಚಳಗಳನ್ನು ಮುಂದೆ ಬರುವವರಿಗಾಗಿ ಇನ್ನೊಮ್ಮೆ ಒರೆಸಿ.

ಊರು ಸೇರಿದ ಮೇಲೆ 3ರಿಂದ 5 ದಿನದೊಳಗೆ ಪರೀಕ್ಷೆ ಮಾಡಿಸಬೇಕಿತ್ತು. ವರದಿ ನೆಗೆಟಿವ್ ಬಂದರೂ ಪೂರ್ತಿ 7 ದಿನ ಮನೆಯಲ್ಲೇ ಇರಬೇಕಿತ್ತು. ಪರೀಕ್ಷೆ ಮಾಡಿಸದಿದ್ದರೆ 10 ದಿನ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಪ್ರವಾಸಿಗಳಿಗೆ 2021ರ ಫೆಬ್ರುವರಿಯಲ್ಲಿ ಕೊಟ್ಟಿದ್ದ ಸಲಹೆ ಇದು. ಹಿರಿಯರಿರುವ ಮನೆಗೆ ಹೋಗುವ ಯೋಚನೆಯಿದ್ದರೆ ಆ ದಿನಗಳು ಕಳೆದ ಮೇಲೆ ಹೋಗಬೇಕಿತ್ತು.